ಗೋಡೆಯೊಳಗಿನ ಕರ್ಮ

ಕರ್ಮಸಿದ್ಧಾಂತದ ಸಾರವನ್ನು ನಮ್ಮ ಜನ ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯಲ್ಲಿ ಅಡಕಮಾಡಿಟ್ಟಿದ್ದಾರೆ. ಶಾಸ್ತ್ರಕಾರರು ಅದನ್ನೇ ನಿಷೇಧಮುಖದಿಂದ ಹೇಳುವಾಗ, ಮಾಡಿದ ಕರ್ಮದ ಫಲ ಮಾಡಿದವನಿಗೆ ತಟ್ಟದೆ ಹೋಗುವುದು ಕೃತಹಾನಿಯೆಂದೂ, ಮಾಡದ ಕರ್ಮದ ಫಲ ಒಬ್ಬನ ತಲೆಯ ಮೇಲೆ ಬಂದು ಬೀಳುವುದು ಅಕೃತಾಭ್ಯಾಗಮವೆಂದೂ ಎರಡು ದೋಷಗಳನ್ನು ಹೆಸರಿಸಿ, ಇವೆರಡಕ್ಕೂ ಎಡೆಗೊಡದಿರುವುದೇ ನ್ಯಾಯವಾದ ಜಗದ್ವ್ಯವಸ್ಥೆಯೆಂದು ಸಾಧಿಸಿದರು. ಜನ್ಮಾಂತರವನ್ನು ಒಪ್ಪಿದವರಿಗೆ ಈ ಲೆಕ್ಕ ಎಲ್ಲಿಯೋ ಒಂದೆಡೆ ಸರಿಹೋದೀತು. ಆದರೆ ಈ ಜನ್ಮದಲ್ಲಿಯೇ, ನಮ್ಮ ಮನೆಯ ಗೋಡೆಗಳೊಳಗೇ, ಕರ್ತೃ ಒಬ್ಬನೂ ಭೋಕ್ತೃ ಇನ್ನೊಬ್ಬನೂ ಆಗುವುದು ದಿನದಿನವೂ ನಡೆಯುತ್ತಿರುವಾಗ, ಕೈಕಸುಬಿನವನ ಧರ್ಮ ಯಾವುದರ ಮೇಲೆ ನಿಲ್ಲತಕ್ಕದ್ದು? ಈ ಪ್ರಶ್ನೆಯ ವಿಚಾರಕ್ಕೆ, ಕಲಬುರಗಿ ರಾಯಚೂರುಗಳ ಬೇಸಗೆಯನ್ನು ಅನುಭವಿಸಿದವರೆಲ್ಲ ಬಲ್ಲ ಸ್ಪ್ಲಿಟ್ ಏಸಿಯ ತಾಮ್ರದ ಪೈಪು ತಕ್ಕ ಉದಾಹರಣೆಯಾದೀತು.

ಕೋಣೆಯೊಳಗಿನ ಯೂನಿಟ್ಟಿಗೂ ಹೊರಗಿನ ಯೂನಿಟ್ಟಿಗೂ ನಡುವೆ ಎರಡು ಪೈಪುಗಳುಂಟು: ದ್ರವವನ್ನು ಒಳಕ್ಕೆ ಒಯ್ಯುವ ಸಣ್ಣದೊಂದು, ಅನಿಲವನ್ನು ಹೊರಕ್ಕೆ ಮರಳಿಸುವ ದಪ್ಪನಾದುದೊಂದು. ಕೋಣೆಯ ಉಷ್ಣವನ್ನು ಹೀರಿ ಬೀದಿಗೆ ಬಿಡುವ ಗ್ಯಾಸು ಈ ಮುಚ್ಚಿದ ವರ್ತುಲದಲ್ಲಿ ವರ್ಷಾನುವರ್ಷ ಸುತ್ತುತ್ತಿರಬೇಕು. ಪೈಪನ್ನು ಕತ್ತರಿಸಿದ ಮೇಲೆ ಅದರ ಬಾಯಿಯನ್ನು ಕೆಳಮುಖವಾಗಿ ಹಿಡಿದೇ ಒಳಅಂಚನ್ನು ಹೆರೆಯಬೇಕು, ಇಲ್ಲವಾದರೆ ತಾಮ್ರದ ಚೂರು ಒಳಗೆ ಬಿದ್ದು ಉಳಿಯುತ್ತದೆ. ನಟ್ಟನ್ನು ಮೊದಲು ಪೋಣಿಸಿ ಅನಂತರ ಬಾಯಿಯನ್ನು ಅಗಲಿಸಿ ಫ್ಲೇರ್ ಮಾಡಬೇಕು. ಆ ಫ್ಲೇರಿನಲ್ಲಿ ಗೀರಾಗಲಿ ಸೀಳಾಗಲಿ ಇರಕೂಡದು. ಎರಡು ಸ್ಪ್ಯಾನರು ಹಿಡಿದು ಬಿಗಿಯುವಾಗ ಬಿಗಿ ಕಡಿಮೆಯಾದರೆ ಸೋರುವುದು, ಮಿತಿಮೀರಿದರೆ ತಾಮ್ರವೇ ತೆಳುವಾಗಿ ಬಿರಿಯುವುದು. ಇಷ್ಟೂ ಆಗಿ, ಇನ್ಸುಲೇಷನ್ ತೊಡಿಸಿ ಟೇಪು ಸುತ್ತಿದ ಬಳಿಕ ಒಳ್ಳೆಯ ಜೋಡಣೆಗೂ ಕೆಟ್ಟ ಜೋಡಣೆಗೂ ಭೇದವೇ ಕಾಣದು. ಆ ಸಂಜೆ ಎರಡರಿಂದಲೂ ಒಂದೇ ತಂಪು, ಎರಡಕ್ಕೂ ಒಂದೇ ಕೂಲಿ.

ಯಾಗ ಇಂದು ಮುಗಿದು ಸ್ವರ್ಗ ಎಂದೋ ದೊರೆಯುವುದಾದರೆ ನಡುವೆ ಆ ಫಲವನ್ನು ಹೊತ್ತು ನಿಲ್ಲುವುದು ಯಾವುದು ಎಂಬ ಪ್ರಶ್ನೆಗೆ ಪೂರ್ವಮೀಮಾಂಸಕರು ಅಪೂರ್ವವೆಂಬ ಅದೃಶ್ಯಶಕ್ತಿಯನ್ನು ಉತ್ತರವಾಗಿ ಕೊಟ್ಟರು. ಸಡಿಲವಾದ ಫ್ಲೇರಿನಲ್ಲಿಯೂ ಅಂಥದೊಂದು ಅಪೂರ್ವ ಅಡಗಿರುತ್ತದೆ. ಅದು ಫಲಿಸುವ ಹೊತ್ತಿಗೆ ಜೋಡಿಸಿದವನು ಬೇರೆಲ್ಲಿಯೋ ಇರುತ್ತಾನೆ. ಮನೆಯಲ್ಲಿ, ಅವನ ಮುಖವನ್ನೇ ಕಾಣದ, ಹೊಸದಾಗಿ ಬಾಡಿಗೆಗೆ ಬಂದ ಸಂಸಾರವಿರುತ್ತದೆ. ಕರೆಸಿಕೊಂಡ ಮತ್ತೊಬ್ಬ ಮೆಕ್ಯಾನಿಕ್ ‘ಗ್ಯಾಸ್ ಖಾಲಿಯಾಗಿದೆ’ ಎಂದು ಹೇಳಿ ತುಂಬಿಸಿ ಹೋಗುತ್ತಾನೆ. ಅದು ಪೆಟ್ರೋಲಿನಂತೆ ಉರಿದು ಮುಗಿಯುವ ಪದಾರ್ಥವಲ್ಲ. ಕಡಿಮೆಯಾಯಿತೆಂದರೆ ಎಲ್ಲಿಯೋ ಸೋರಿತೆಂದೇ ಅರ್ಥ. ಸೋರುವ ಎಡೆಯನ್ನು ಹುಡುಕದೆ ತುಂಬಿಸುವುದು, ಪಾಪವನ್ನೇ ಒಪ್ಪಿಕೊಳ್ಳದವನು ಮಾಡಿಕೊಂಡ ಪ್ರಾಯಶ್ಚಿತ್ತ. ಸೋರಿಹೋದದ್ದಾದರೂ ನಾಶವಾಗಿಲ್ಲ: ಈಗಿನ ಅನೇಕ ಏಸಿಗಳಲ್ಲಿರುವ ಆರ್-32 ಎಂಬ ಗ್ಯಾಸು, ನೂರು ವರ್ಷಗಳ ಲೆಕ್ಕದಲ್ಲಿ, ತನ್ನಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ ಸುಮಾರು 675 ಪಟ್ಟು ಭೂಮಿಯನ್ನು ಕಾಯಿಸಬಲ್ಲದು. ಏಸಿಯ ತಂಪನ್ನೇ ಅರಿಯದೆ ಬಿಸಿಲಿನಲ್ಲಿ ದುಡಿಯುವ ರೈತನೂ ಹೀಗೆ ಆ ನಟ್ಟಿನ ಭೋಕ್ತೃಗಳಲ್ಲಿ ಒಬ್ಬನಾಗುತ್ತಾನೆ.

ಇದಕ್ಕೆ ಸುಲಭವಾದ ಸಮಾಧಾನವೊಂದನ್ನು ಹೇಳುವವರಿದ್ದಾರೆ: ಗೀತೆ ಫಲಾಪೇಕ್ಷೆಯನ್ನು ಬಿಡೆಂದು ಬೋಧಿಸಿರುವುದರಿಂದ, ತನ್ನ ಪಾಲಿನ ಕೆಲಸವನ್ನು ಮಾಡಿ ಮುಂದಿನದನ್ನು ದೈವಕ್ಕೆ ಬಿಟ್ಟರಾಯಿತು ಎಂದು. ಈ ಅರ್ಥ ನನಗೆ ಒಪ್ಪಿಗೆಯಾಗಲಾರದು. ಮನುಷ್ಯನಿಗೆ ತ್ಯಜಿಸುವ ಅಧಿಕಾರವಿರುವುದು ತನ್ನದಾದುದರ ಮೇಲೆ ಮಾತ್ರ. ಹೊಗಳಿಕೆ, ಬಹುಮಾನ, ಹೆಸರು ಮೊದಲಾಗಿ ತನಗೆ ಬರತಕ್ಕ ಫಲವನ್ನು ಬಿಟ್ಟವನು ತ್ಯಾಗಿ. ಪರರಿಗೆ ತಟ್ಟತಕ್ಕ ಫಲದ ಚಿಂತೆಯನ್ನು ಬಿಟ್ಟವನು ಹೊಣೆಗೇಡಿ. 12ನೆಯ ಶತಮಾನದ ಶರಣರು ಕಾಯಕವನ್ನು ಹೇಳಿದಲ್ಲಿ ದಾಸೋಹವನ್ನೂ ಬಿಡದೆ ಹೇಳಿದ್ದರಲ್ಲಿ ಈ ವಿವೇಕವುಂಟು: ದುಡಿಮೆಯ ಫಲ ಪರರನ್ನು ಹೇಗೆ ಮುಟ್ಟುತ್ತದೆಂಬುದು ದುಡಿಮೆಗೆ ಹೊರತಾದ ವಿಷಯವಲ್ಲ.

ಹಾಗಾದರೆ, ಆ ಫಲ ಪರರನ್ನು ಮುಟ್ಟುವುದಕ್ಕೆ ಮುಂಚೆ ಕರ್ತೃವೇ ಅದನ್ನು ಎದುರುಗೊಳ್ಳುವ ಉಪಾಯವುಂಟೆ? ಈ ಕಸುಬು ಅದನ್ನು ಕಂಡುಕೊಂಡಿದೆ. ಪೈಪುಗಳೊಳಗೆ ಒಣ ನೈಟ್ರೋಜನ್ನನ್ನು ಒತ್ತಡದಿಂದ ತುಂಬಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುವುದೋ ಎಂದು ನೋಡಬೇಕು. ಆಮೇಲೆ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಒತ್ತಡವನ್ನು 500 ಮೈಕ್ರಾನ್, ಎಂದರೆ ವಾಯುಮಂಡಲದ ಒತ್ತಡದ ಸುಮಾರು 1,500ರಲ್ಲಿ ಒಂದು ಭಾಗಕ್ಕೆ ಇಳಿಸಬೇಕು. ಆ ಸ್ಥಿತಿಯಲ್ಲಿ ಒಳಗಿನ ತೇವ ಕಾಯಿಸದೆಯೇ ಆವಿಯಾಗಿ ಹೊರಬೀಳುತ್ತದೆ. ಉಳಿದರೆ ಅದು ಕಂಪ್ರೆಸರಿನ ಎಣ್ಣೆಯೊಡನೆ ಕೂಡಿ ಆಮ್ಲವಾಗಿ ಯಂತ್ರವನ್ನು ಒಳಗಿಂದೊಳಗೆ ಕೆಡಿಸುವುದು. ಬಳಿಕ ವಾಲ್ವು ಮುಚ್ಚಿ, ಪಂಪು ನಿಲ್ಲಿಸಿ, ಮೀಟರಿನ ಅಂಕೆ ಏರುವುದೋ ಎಂದು ಕಾಯಬೇಕು. ಅವಸರದವರು ಇದಾವುದನ್ನೂ ಮಾಡದೆ ತುಸು ಗ್ಯಾಸು ಬಿಟ್ಟು ಗಾಳಿಯನ್ನು ಹೊರದೂಡಿ ಕೆಲಸ ಮುಗಿಸುವುದುಂಟು. ಸೆಕೆಯಲ್ಲಿ ಕುಳಿತ ಮನೆಯೊಡೆಯನೂ ಅದನ್ನೇ ಬಯಸುತ್ತಿರುತ್ತಾನೆ. ಆದರೆ ಕಾಯುವವನು, ಮುಂದೆಂದೋ ಪರರ ಪಾಲಾಗಲಿದ್ದ ಫಲವನ್ನು ಇಂದೇ ತನ್ನ ಕಣ್ಣೆದುರಿಗೆ ಕರೆಸಿಕೊಳ್ಳುತ್ತಾನೆ; ಅಂಕೆ ಏರಿದರೆ ಬಿಚ್ಚಿ ಮತ್ತೆ ಜೋಡಿಸುವ ಶ್ರಮ ಅವನದೇ. ಕರ್ತೃವೂ ಭೋಕ್ತೃವೂ ಒಂದಾಗುವುದಕ್ಕೆ ಇಲ್ಲಿ ಜನ್ಮಾಂತರದ ಅಗತ್ಯವಿಲ್ಲ.

ಪರೀಕ್ಷೆಗೂ ಎಲ್ಲೆಯುಂಟೆಂಬುದನ್ನು ಮರೆಯಲಾಗದು. ಆಗ ತಂಪುಪೆಟ್ಟಿಗೆಗಳಲ್ಲಿ ಬಳಸುತ್ತಿದ್ದ ಅಮೋನಿಯ, ಸಲ್ಫರ್ ಡೈಆಕ್ಸೈಡುಗಳ ಅಪಾಯದಿಂದ ಮನೆಗಳನ್ನು ಪಾರುಮಾಡಲೆಂದು ಥಾಮಸ್ ಮಿಡ್ಗ್ಲಿ ಮತ್ತು ಅವನ ಸಂಗಡಿಗರು 1928ರಲ್ಲಿ ವಿಷವೂ ಅಲ್ಲದ, ಉರಿಯಲೂ ಉರಿಯದ ಗ್ಯಾಸನ್ನು ಸಿದ್ಧಪಡಿಸಿದರು. ಅಂದಿನ ಪರೀಕ್ಷೆಗಳಲ್ಲಿ ಅದು ಗೆದ್ದಿತು. ಮಿಡ್ಗ್ಲಿ 1944ರಲ್ಲಿ ತೀರಿಕೊಂಡನು. ಆ ವರ್ಗದ ಗ್ಯಾಸುಗಳು ಓಜೋನ್ ಪದರವನ್ನು ಸವೆಸಬಲ್ಲವೆಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ ತಿಳಿಸಿದ್ದು 1974ರಲ್ಲಿ. ಆ ಫಲವನ್ನು ಕರ್ತೃವಿನ ಎದುರಿಗೆ ತರುವ ದಾರಿಯೇ ಇರಲಿಲ್ಲ. ಆದರೂ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ರಾಷ್ಟ್ರಗಳು ಅದರ ಭಾರವನ್ನು ಹೊರಲು ಮುಂದಾದವು, ಗ್ಯಾಸಿನ ತಂಪನ್ನು ಹೆಚ್ಚಾಗಿ ಉಣ್ಣದ ಬಡರಾಷ್ಟ್ರಗಳೂ ಸೇರಿದಂತೆ. ಬಲಾತ್ಕಾರದಿಂದ ಬಂದರೆ ಅನ್ಯಾಯವಾಗುವ ಅಕೃತಾಭ್ಯಾಗಮ, ಅರಿತು ತಾನಾಗಿ ಕೈಗೆತ್ತಿಕೊಂಡಾಗ ಧರ್ಮವಾಗುತ್ತದೆ. ಆದಕಾರಣ ಗ್ಯಾಸು ತುಂಬಿಸಿ ಹೋಗಬಹುದಾಗಿದ್ದ ಆ ಎರಡನೆಯ ಮೆಕ್ಯಾನಿಕ್, ಹಾಗೆ ಮಾಡದೆ ಟೇಪು ಬಿಚ್ಚಿ, ಸೋರುವ ಫ್ಲೇರನ್ನು ಕತ್ತರಿಸಿ ಹೊಸದಾಗಿ ಮಾಡಿದನಾದರೆ, ಅದಕ್ಕೆ ಅವನು ಕೂಲಿ ಪಡೆದರೂ ಕುಂದಿಲ್ಲ; ಶಾಸ್ತ್ರಕಾರರು ದೋಷವೆಂದು ಎಣಿಸಿದ್ದು ಅವನ ಪಾಲಿಗೆ ಪುಣ್ಯವೆಂದೇ ಎಣಿಕೆಯಾಗಬೇಕು.