ಅಂಕ ಕೊಡಬೇಕಾದವರು ಯಾರು?

ಅನಂತಪುರ ಜಿಲ್ಲೆಯ ಬ್ರಹ್ಮಸಮುದ್ರ, ಕಲ್ಯಾಣದುರ್ಗದ ಕಡೆಯ ಜನ ಕನ್ನಡ, ತೆಲುಗು ಎರಡರಲ್ಲೂ ಬದುಕು ನಡೆಸಿಕೊಂಡು ಬಂದವರು. ಹಿಂದೂಪುರದ ಬಳಿಯ ಲೇಪಾಕ್ಷಿಯಲ್ಲಿ ಇಂದಿಗೂ ಕನ್ನಡ ಶಾಸನಗಳಿವೆ. ಮಡಕಶಿರಾ ಸೀಮೆಯ ಹೇಮಾವತಿ ನೊಳಂಬರ ರಾಜಧಾನಿಯಾಗಿತ್ತು. 1953ರಲ್ಲಿ ಆಂಧ್ರ ರಾಜ್ಯವಾದಾಗ ಈ ಊರುಗಳು ಅತ್ತ ಸೇರಿದವು. ಪಕ್ಕದ ಪಾವಗಡ ಇತ್ತ ಕನ್ನಡ ನಾಡಿನಲ್ಲೇ ಉಳಿಯಿತು. ನಡುವೆ ಗಡಿಯಿದ್ದರೂ ನೆಂಟಸ್ತನ ನಿಲ್ಲಲಿಲ್ಲ.

ಹೀಗೆ ಬೇರೆ ಸಂಸ್ಕೃತಿಯವರೊಡನೆ ಬಾಳುವ ಯೋಗ್ಯತೆಯನ್ನು ಅಳೆಯಲು ವಿದ್ವಾಂಸರು ಹಲವು ಮಾನದಂಡಗಳನ್ನು ಮಾಡಿದ್ದಾರೆ. ಅಮೆರಿಕದ ಮಿಲ್ಟನ್ ಬೆನೆಟ್ 1986ರಲ್ಲಿ ಆರು ಮೆಟ್ಟಿಲುಗಳನ್ನು ಗುರುತಿಸಿದರು. ಭೇದವನ್ನೇ ಕಾಣದಿರುವುದು ಮೊದಲನೆಯದು, ನಮ್ಮದೇ ಮೇಲು ಎನ್ನುವುದು ಎರಡನೆಯದು. ಮೂರನೆಯದು, ‘ಎಲ್ಲರೂ ಒಂದೇ’ ಎಂದು ಭೇದವನ್ನು ಮರೆಸಿಬಿಡುವುದು. ಒಪ್ಪುವುದು, ಹೊಂದಿಕೊಳ್ಳುವುದು, ಎರಡನ್ನೂ ತನ್ನದಾಗಿಸಿಕೊಳ್ಳುವುದು ಆಮೇಲಿನವು. ನಮ್ಮಲ್ಲಿ ಹೆಚ್ಚಿನವರು ಮೂರನೆಯ ಮೆಟ್ಟಿಲಲ್ಲೇ ನಿಂತು, ತುದಿ ಮುಟ್ಟಿದೆವೆಂದು ತಿಳಿಯುತ್ತೇವೆ. ಎಲ್ಲರೂ ಒಂದೇ ಎನ್ನುವುದು ಬಹುಸಂಖ್ಯಾತರಿಗೆ ಸುಲಭ. ಆ ‘ಒಂದು’ ಸಾಮಾನ್ಯವಾಗಿ ಅವರದೇ ಆಗಿರುತ್ತದೆ.

ಗಡಿಯಾಚೆಯ ಕನ್ನಡದ ಮಗುವಿಗೆ ತೆಲುಗು ಕಲಿಯದೆ ವಿಧಿಯಿಲ್ಲ. ಪಾವಗಡದ ತೆಲುಗು ಮನೆಯ ಮಗುವಿಗೆ ಕನ್ನಡವೂ ಹಾಗೆಯೇ. ಆ ಮಕ್ಕಳ ಜಾಣ್ಮೆ ದೊಡ್ಡದು. ಆದರೆ ಅದನ್ನು ತೋರಿಸಿ ಸಮಾಜ ತನ್ನ ಬೆನ್ನು ತಟ್ಟಿಕೊಳ್ಳುವಂತಿಲ್ಲ. ಅಗತ್ಯವಿಲ್ಲದವರು ಏನು ಕಲಿತರು ಎಂಬುದೇ ಸಮಾಜದ ಪರೀಕ್ಷೆ.

ಅಗತ್ಯವಿಲ್ಲದೆಯೂ ಕೈಚಾಚಿದವರಲ್ಲಿ ಒಬ್ಬರಾದ ತೆಲುಗು ವಿದ್ವಾಂಸ ರಾಳ್ಳಪಲ್ಲಿ ಅನಂತಕೃಷ್ಣಶರ್ಮರು 1893ರಲ್ಲಿ ಹುಟ್ಟಿದ್ದು ಇದೇ ಕಲ್ಯಾಣದುರ್ಗದ ಸೀಮೆಯ ರಾಳ್ಳಪಲ್ಲಿಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಕಲಿಸಿದರು. ತೆಲುಗೊಂದರಲ್ಲೇ ಅವರ ವೃತ್ತಿ, ಕೀರ್ತಿ ಎರಡೂ ಪೂರ್ಣವಾಗುತ್ತಿದ್ದವು. ಆದರೂ ‘ಗಾನಕಲೆ’, ‘ಸಾಹಿತ್ಯ ಮತ್ತು ಜೀವನಕಲೆ’ ಕೃತಿಗಳನ್ನು ಕನ್ನಡಕ್ಕೆ ಕೊಟ್ಟರು. ಕನ್ನಡ ನಾಡಿನ ಆ ಕಾಲೇಜು ಕೂಡ ತೆಲುಗಿಗೆ ಗೌರವದ ಪೀಠ ಕೊಟ್ಟಿತ್ತು. ಎರಡೂ ಕಡೆಯವರು ಕೈಚಾಚಿದ್ದರಿಂದ ಆ ಬಾಂಧವ್ಯ ಫಲ ಕೊಟ್ಟಿತು.

ಸಂವಿಧಾನದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ದೊರೆಯಲಿ ಎಂದು 1956ರಿಂದ ಹೇಳುತ್ತಿದೆ. ಅದನ್ನು ಸರ್ಕಾರ ಜಾರಿಗೆ ತರಬೇಕು. ಅದರ ಹಿಂದಿನ ಮನಸ್ಸನ್ನು ನಾವು ಬೆಳೆಸಬೇಕು. ನಾನೆಷ್ಟು ಉದಾರಿ ಎಂಬ ಪ್ರಶ್ನೆಗೆ ನಾನೇ ಅಂಕ ಹಾಕಿಕೊಂಡರೆ ಅದು ಅಳತೆಯಾಗದು. ನಮ್ಮ ನಡುವೆ ಕಡಿಮೆ ಸಂಖ್ಯೆಯಲ್ಲಿರುವವರನ್ನು ಕೇಳೋಣ. ಅಂಕ ಕೊಡುವ ಹಕ್ಕು ಅವರದು.