ಕಪ್ಪು ಎಲೆಗಳ ನಿವೇದನೆ

ಹರಿಹರೇಶ್ವರಾ, ನಮ್ಮೂರು ಗುತ್ತೂರಿನಿಂದ ಹರಿಹರದ ನಿನ್ನ ಗುಡಿ ದೂರವೇನಲ್ಲ. ಆದರೂ ಇವತ್ತು ಅಲ್ಲಿಗೆ ಬರದೆ ಮನೆಯ ಪಡಸಾಲೆಯಲ್ಲೇ ಕೂತು ಹೇಳಿಕೊಳ್ಳುತ್ತಿದ್ದೇನೆ. ನಿನ್ನ ಮುಂದೆ ಇಡಬೇಕೆಂದಿರುವುದು ಹಣ್ಣುಕಾಯಿಯಲ್ಲ, ಒಂದು ಕಟ್ಟು ಎಲೆ. ಇಸ್ಪೀಟಿನದಲ್ಲ, ಭವಿಷ್ಯ ನೋಡುವ ಟ್ಯಾರೋ. ಒಟ್ಟು 78 ಎಲೆ, ಎಲ್ಲದರ ಹಿನ್ನೆಲೆಯೂ ಕಾಡಿಗೆಗಪ್ಪು, ಗೆರೆಗಳು ಮಾತ್ರ ಬಂಗಾರದ ಬಣ್ಣ. ಬೆಂಗಳೂರಿನಲ್ಲಿರುವ ಅಕ್ಕನ ಮಗಳು ರಜೆಗೆ ಬಂದವಳು, ‘ಚಿಕ್ಕಮ್ಮ, ನಿಂಗೆ ಚಿತ್ರ ಅಂದ್ರೆ ಇಷ್ಟ ಅಲ್ವಾ, ಇಟ್ಕೊ’ ಎಂದು ಬಿಟ್ಟುಹೋದಳು. ಮೇಲಿನ ಎಲೆಯ ಎಲುಬುಗೂಡನ್ನು ಕಂಡ ನಮ್ಮ ಅತ್ತೆ, ‘ದೇವ್ರ ಮನಿ ಹತ್ರ ಮಾತ್ರ ತರಬ್ಯಾಡವ್ವಾ’ ಎಂದರು.

ತರಬೇಡ ಎಂದದ್ದಕ್ಕೇ ನಿನ್ನ ಹತ್ತಿರ ತಂದೆ. ನಿನ್ನ ಬಲಭಾಗ ಯಾರದೆಂದು ಅತ್ತೆಗೂ ಗೊತ್ತು. ಬೂದಿ ಬಳಿದುಕೊಂಡು ಸುಡುಗಾಡಿನಲ್ಲಿ ಇರುವವನದು. ಎಡಭಾಗದಲ್ಲಿ ಶಂಖ, ಚಕ್ರ, ಪೀತಾಂಬರದವನು. ಹರಿಯಿಂದಲೂ ಹರನಿಂದಲೂ ಸಾವು ಬರಬಾರದೆಂದು ಗುಹಾಸುರ ಬ್ರಹ್ಮನಿಂದ ವರ ಪಡೆದ, ನೀವಿಬ್ಬರೂ ಒಂದೇ ಮೈಯಾಗಿ ಬಂದು ಅವನನ್ನು ಮುಗಿಸಿದಿರಿ ಎನ್ನುತ್ತದೆ ಕಥೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಆ ಗುಡಿಯಲ್ಲಿ ನಿಂತು ನಿನ್ನನ್ನು ನೋಡುವಾಗಲೆಲ್ಲ ನನ್ನ ಕಣ್ಣು ಹೋಗುವುದು ಮೈಯ ನಡುಗೆರೆಗೆ. ಬೂದಿ ಎಲ್ಲಿ ಮುಗಿಯಿತು, ಪೀತಾಂಬರ ಎಲ್ಲಿ ಶುರುವಾಯಿತು ಎಂದು ಹುಡುಕುತ್ತೇನೆ. ಅಷ್ಟರಲ್ಲಿ ಹಿಂದಿನವರು ‘ಮುಂದೆ ನಡೀರಿ’ ಅನ್ನುತ್ತಾರೆ.

ಈ ಎಲೆಗಳಲ್ಲಿ ನಾನು ಹುಡುಕುತ್ತಿರುವುದೂ ಆ ಗೆರೆಯನ್ನೇ. ಅದಕ್ಕೇ ನನ್ನದೊಂದು ಬೇಡಿಕೆ, ಮೊದಲೇ ಹೇಳಿಬಿಡುತ್ತೇನೆ. ನಾಳೆ ಏನಾಗುತ್ತದೆಂದು ತಿಳಿಸು ಅಂತ ಕೇಳುವುದಿಲ್ಲ. ನೋಡುವ ಕಣ್ಣು ಕೊಡು, ಸಾಕು.

ಹದಿಮೂರನೆಯ ಎಲೆ ನೋಡು ಸ್ವಾಮೀ. ಸಾವಿನದು. ಚಿತ್ರ ಹೊಸಬರದು, ಆದರೆ ಅದರ ಮೂಲ 1909ರದ್ದು. ಆ ವರ್ಷ ಲಂಡನ್ನಿನ ರೈಡರ್ ಪ್ರಕಾಶನ ಹೊರತಂದ ಕಟ್ಟಿಗೆ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಹೆಣ್ಣುಮಗಳು ಬರೆದ ಚಿತ್ರಗಳೇ ಇವತ್ತಿನ ಬಹುಪಾಲು ಟ್ಯಾರೋಗಳಿಗೆ ತಾಯಿಬೇರು. ಹಳೆಯ ಎಲೆಗಳಲ್ಲಿ ಸಾವು ಕುಡುಗೋಲು ಹಿಡಿದು ತಲೆಗಳನ್ನು ಕೊಯ್ಯುತ್ತಿತ್ತು. ಪಮೇಲಾ ಅದರ ಕೈಯಿಂದ ಆಯುಧ ಕಿತ್ತುಕೊಂಡು ಬಾವುಟ ಕೊಟ್ಟಳು. ಕಪ್ಪು ಬಟ್ಟೆ, ಅದರ ಮೇಲೆ ಐದೆಸಳಿನ ಬಿಳಿ ಗುಲಾಬಿ. ಕಪ್ಪು ಕವಚದ ಎಲುಬುಗೂಡು ಬಿಳಿ ಕುದುರೆಯ ಮೇಲೆ ಸಾವಕಾಶವಾಗಿ ಬರುತ್ತಿದೆ. ದೊರೆ ಕಾಲಡಿ ಬಿದ್ದಿದ್ದಾನೆ. ಬಿಷಪ್ ಕೈಜೋಡಿಸಿ ನಿಂತಿದ್ದಾನೆ. ಮಂಡಿಯೂರಿದ ಹುಡುಗಿ ನೋಡಲಾಗದೆ ಮುಖ ತಿರುಗಿಸಿದ್ದಾಳೆ. ಪಕ್ಕದ ಮಗು ಮಾತ್ರ ಮುಖವೆತ್ತಿ ಸವಾರನನ್ನು ನೋಡುತ್ತಿದೆ. ಹಿಂದೆ ಹೊಳೆ, ಹೊಳೆಯಲ್ಲಿ ದೋಣಿ, ಅದರಾಚೆ ಎರಡು ಗೋಪುರ, ನಡುವೆ ಸೂರ್ಯ. ಹುಟ್ಟುತ್ತಿದ್ದಾನೋ ಮುಳುಗುತ್ತಿದ್ದಾನೋ? ಹುಟ್ಟುತ್ತಿದ್ದಾನೆ ಎನ್ನುವವರೇ ಹೆಚ್ಚು. ನಾನು ತುಂಗಭದ್ರೆಯ ದಂಡೆಯವಳು. ಬರೀ ನೀರಿನ ಮೇಲಿನ ಬೆಳಕು ನೋಡಿ ಅದನ್ನು ಹೇಳಲಾರೆ.

ಇಲ್ಲೊಂದು ದೂರೂ ಇದೆ, ಕೇಳಿಸಿಕೋ. ಹತ್ತೊಂಬತ್ತನೆಯದು ಸೂರ್ಯನ ಎಲೆ. ಪಮೇಲಾ ಅಲ್ಲಿ ಬೆತ್ತಲೆ ಮಗುವೊಂದನ್ನು ಬಿಳಿ ಕುದುರೆಯ ಮೇಲೆ ಕೂರಿಸಿ, ಹಿಂದಿನ ಗೋಡೆಯ ಮೇಲೆ ಸೂರ್ಯಕಾಂತಿ ಅರಳಿಸಿದ್ದಳು. ಸಾವಿಗೂ ಬಿಳಿ ಕುದುರೆ, ಮಗುವಿಗೂ ಬಿಳಿ ಕುದುರೆ. ಎರಡು ಎಲೆ ಅಕ್ಕಪಕ್ಕ ಇಟ್ಟರೆ ಮೈ ಜುಮ್ಮೆನ್ನುತ್ತದೆ. ನನ್ನ ಕೈಯಲ್ಲಿರುವ ಈ ಹೊಸ ಕಟ್ಟಿನವರು ಆ ಮಗುವನ್ನೂ ಎಲುಬು ಮಾಡಿಬಿಟ್ಟಿದ್ದಾರೆ! ಕಪ್ಪು ಬಳಿದಷ್ಟಕ್ಕೇ ಆಳ ಬಂದೀತೆ? ಎಲ್ಲೆಡೆ ಬುರುಡೆ ಇಟ್ಟರೆ ಬುರುಡೆಯ ಬೆಲೆಯೇ ಹೋಯಿತು. ನಿನ್ನನ್ನು ಕಡೆದ ಶಿಲ್ಪಿ ಹರನನ್ನೇ ಎರಡೂ ಕಡೆ ಕಡೆದಿದ್ದರೆ ಗುಹಾಸುರ ಇನ್ನೂ ಬದುಕಿರುತ್ತಿದ್ದ.

ಆದರೆ ಹದಿನೆಂಟನೆಯ ಎಲೆಗೆ ಈ ಮಸಿ ಒಪ್ಪಿದೆ. ಅದು ಚಂದ್ರನದು. ಸಾವಿನ ಎಲೆಯಲ್ಲಿದ್ದಂಥವೇ ಎರಡು ಗೋಪುರ ಇಲ್ಲೂ ನಿಂತಿವೆ. ನಾಯಿಯೊಂದು, ತೋಳವೊಂದು ಮೇಲೆ ನೋಡಿ ಊಳಿಡುತ್ತಿವೆ. ಕೆಳಗೆ ಕೊಳದಿಂದ ಏಡಿಯಂಥ ಜೀವವೊಂದು ದಡಕ್ಕೆ ಹತ್ತುತ್ತಿದೆ. ಸಾಕಿದ್ದು, ಸಾಕದ್ದು, ಇನ್ನೂ ಹೆಸರಿಡದ್ದು, ಮೂರಕ್ಕೂ ಒಂದೇ ದಾರಿ. ಹಗಲಲ್ಲಿ ಈ ಚಿತ್ರ ಬರೆಯಲಾಗದು.

ಕತ್ತಿಗಳ ಒಂಬತ್ತನೆಯ ಎಲೆಯನ್ನು ಅತ್ತೆಯವರಿಗೇ ತೋರಿಸಿದೆ. ನಡುರಾತ್ರಿ ಎದ್ದು ಕೂತ ಹೆಂಗಸು, ಮುಖ ಎರಡೂ ಅಂಗೈಯಲ್ಲಿ. ಹಿಂದಿನ ಕತ್ತಲಲ್ಲಿ ಒಂದರ ಮೇಲೊಂದು ಒಂಬತ್ತು ಕತ್ತಿ. ಯಾವುದೂ ಅವಳನ್ನು ಇರಿದಿಲ್ಲ, ಗೋಡೆಗೆ ಹೊಡೆದಂತೆ ಸುಮ್ಮನಿವೆ. ಕಾಲ ಮೇಲೆ ಹೊದ್ದಿದ್ದು ಚೌಕ ಚೌಕದ ಹೊದಿಕೆ, ಒಂದು ಚೌಕದಲ್ಲಿ ಗುಲಾಬಿ, ಪಕ್ಕದ್ದರಲ್ಲಿ ರಾಶಿಯ ಚಿಹ್ನೆ. ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ‘ಕೌದಿ ಚೆಂದ ಹೊಲ್ದಾರಲ್ಲ’ ಎಂದರು. ಸ್ವಲ್ಪ ತಡೆದು, ‘ಪಾಪ, ಈಕಿಗೂ ನಿದ್ದಿ ಬಂದಿಲ್ಲ’ ಎಂದರು. ಮಾವನವರು ಹೋದಮೇಲೆ ಅತ್ತೆ ರಾತ್ರಿ ದೀಪ ಆರಿಸುವುದಿಲ್ಲ. ಹರಿಹರಾ, ಆ ಎಲೆಗೆ ಅರ್ಥ ಹೇಳುವ ಪುಸ್ತಕವೂ ಕಟ್ಟಿನ ಜೊತೆಗಿತ್ತು. ಅತ್ತೆಯ ಮಾತಾದಮೇಲೆ ಅದನ್ನು ತೆಗೆಯಬೇಕೆನಿಸಲಿಲ್ಲ.

ಇನ್ನು ಹದಿನಾರನೆಯದು, ಗೋಪುರ. ಮಿಂಚು ಹೊಡೆದು ತುದಿಯ ಕಿರೀಟ ಹಾರಿಹೋಗಿದೆ, ಇಬ್ಬರು ತಲೆಕೆಳಗಾಗಿ ಬೀಳುತ್ತಿದ್ದಾರೆ. ನಮ್ಮೂರಿಗೆ ಗೋಪುರ ಬೇರೆ ರೀತಿಯದು. 400 ಕೆವಿ ವಿದ್ಯುತ್ ಸ್ಟೇಷನ್‌ನಿಂದಾಗಿ ಹೊಲದ ಮೇಲೆಲ್ಲ ಉಕ್ಕಿನ ಟವರ್‌ಗಳು ನಿಂತಿವೆ, ಮಿಂಚು ಅವುಗಳಲ್ಲಿ ಸಂಬಳಕ್ಕೆ ದುಡಿಯುತ್ತಿದೆ. ಬಿದ್ದ ಗೋಪುರವನ್ನೂ ಈ ಸೀಮೆ ಕಂಡಿದೆ. 1941ರಲ್ಲಿ ಹರಿಹರದಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಮಾಡಿಕೊಟ್ಟ ಮೈಸೂರು ಕಿರ್ಲೋಸ್ಕರ್ ಮುಚ್ಚಿತು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯ ಬಟ್ಟೆ ಗಿರಣಿಗಳೂ ಒಂದೊಂದಾಗಿ ನಿಂತವು. ಆಗ ಮೇಲಿಂದ ಬಿದ್ದವರು ಇಬ್ಬರೇ ಅಲ್ಲ. ಅವರಲ್ಲಿ ಎಷ್ಟೋ ಮಂದಿ ಕೆಳಗೆ ಬಂದು ಬೆಣ್ಣೆದೋಸೆಯ ಕಾವಲಿ ಇಟ್ಟರು, ಆಟೋ ಓಡಿಸಿದರು, ಮಗಳ ಮದುವೆ ಮಾಡಿದರು. ಎಲೆಯಲ್ಲಿ ಆ ಭಾಗದ ಚಿತ್ರ ಇಲ್ಲ. ಬೀಳುವವರೆಗೆ ಮಾತ್ರ ಇದೆ.

ಪಮೇಲಾ ನಾಟಕದ ನಂಟಿನವಳು, ಲಂಡನ್ನಿನ ಲೈಸಿಯಂ ರಂಗಮಂದಿರದ ತಂಡದೊಂದಿಗೆ ಓಡಾಡಿದವಳು. ಅವಳ ಎಷ್ಟೋ ಎಲೆಗಳಲ್ಲಿ ಪಾತ್ರಗಳ ಹಿಂದೆ ಅಡ್ಡಗೆರೆಯೊಂದಿದೆ. ಗೆರೆಯ ಈಚೆ ರಂಗದ ಹಲಗೆ, ಆಚೆ ಬಣ್ಣದ ಪರದೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಸೀಮೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರಮನೆ, ಕಾಡು, ಸ್ಮಶಾನ ಎಲ್ಲವೂ ಒಂದೇ ಗಳುವಿಗೆ ಸುತ್ತಿಕೊಂಡ ಬಟ್ಟೆ. ಸ್ಮಶಾನದ ಪರದೆ ಇಳಿದಾಗ ಹರಿಶ್ಚಂದ್ರನಿಗಾಗಿ ಅತ್ತವರು ಆಟ ಮುಗಿದಮೇಲೆ ಮಂಡಕ್ಕಿ ಮೆಣಸಿನಕಾಯಿ ತಿಂದು ಮನೆಗೆ ಬಂದರು. ಅತ್ತದ್ದು ಸುಳ್ಳಲ್ಲ, ತಿಂದದ್ದೂ ಸುಳ್ಳಲ್ಲ.

ಇದೆಲ್ಲ ಪರದೇಶದ್ದು, ನಮಗೇಕೆ ಎಂದು ಯಾರಾದರೂ ಕೇಳಿದರೆ ಮೈಸೂರಿನತ್ತ ಕೈ ತೋರಿಸುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಚಿತ್ರದ ಎಲೆಗಳ ಹುಚ್ಚೇ ಇತ್ತು. ಅವರ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಎಲೆಯಾಟಗಳ ವಿವರವಿದೆ. ಚಾಮುಂಡೇಶ್ವರಿಯ ಹೆಸರಿನ ಒಂದೇ ಆಟಕ್ಕೆ 320 ಎಲೆ. ನಮ್ಮ ಕಾಲದಲ್ಲಿ ಗಂಜೀಫಾ ರಘುಪತಿ ಭಟ್ಟರು ಗಂಜೀಫಾ ಎಂಬ ಆ ಗುಂಡನೆಯ ಎಲೆಗಳಿಗೆ ಮತ್ತೆ ಬಣ್ಣ ತುಂಬಿದರು. ದಶಾವತಾರದ ಗಂಜೀಫಾದಲ್ಲಿ ನನಗೆ ಬಲು ಇಷ್ಟವಾದ ಕಟ್ಟಳೆಯೊಂದಿದೆ. ಹಗಲು ಆಡಿದರೆ ರಾಮನ ಎಲೆ ಇದ್ದವರು ಆಟ ಶುರುಮಾಡಬೇಕು, ರಾತ್ರಿ ಆಡಿದರೆ ಕೃಷ್ಣನ ಎಲೆ ಇದ್ದವರು. ಕತ್ತಲಿಗೂ ಒಬ್ಬ ದೊರೆ ಬೇಕೆಂದು, ಅವನು ಕಪ್ಪಾಗಿಯೇ ಇರಬೇಕೆಂದು ಆಡುವವರಿಗೆ ಗೊತ್ತಿತ್ತು. ಅಲ್ಲಿ ರಾತ್ರಿಯೆಂದರೆ ಅಪಶಕುನವಲ್ಲ, ಸರದಿ.

ಟ್ಯಾರೋ ಕೂಡ ಮೊದಲು ಆಟವೇ ಆಗಿತ್ತು. 15ನೇ ಶತಮಾನದ ಇಟಲಿಯ ಅರಮನೆಗಳಲ್ಲಿ ಹೊತ್ತು ಕಳೆಯಲು ಆಡುತ್ತಿದ್ದರು. ಭವಿಷ್ಯ ಹೇಳುವ ಕೆಲಸ ಅದರ ಹೆಗಲೇರಿದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. ಹಾಗಂತ ಭವಿಷ್ಯ ಕೇಳುವವರನ್ನು ನಾನು ಹಳಿಯುವುದಿಲ್ಲ. ಜಾತ್ರೆಯಲ್ಲಿ ಗಿಳಿ ಪಂಜರದಿಂದ ಬಂದು ಎಲೆ ಎಳೆಯುವಾಗ ನಾನೂ ಬಗ್ಗಿ ನೋಡಿದವಳೇ. ಬೆಳಗಿನ ಜಾವ ಬುಡುಬುಡಿಕೆಯವನು ಬಾಗಿಲಲ್ಲಿ ನಿಂತಾಗ ಅತ್ತೆ ಮೊರದಲ್ಲಿ ಜೋಳ ತಂದು ಹಾಕುತ್ತಾರೆ, ಅವನ ಮಾತು ನಿಜವಾಗಲಿ ಅಂತಲೋ ಆಗದಿರಲಿ ಅಂತಲೋ ಕೇಳಬಾರದು. ನನಗೆ ಮಾತ್ರ ಎಲೆ ಬಾಯಿಬಿಟ್ಟು ಮಾತಾಡತೊಡಗಿದರೆ ಚಿತ್ರ ಕಾಣದಾಗುತ್ತದೆ.

ಕೊನೆಗೆ ಒಂದು ಅರ್ಚನೆ ಬಾಕಿ ಇದೆ ಸ್ವಾಮೀ. ಪಮೇಲಾಳ ಕಟ್ಟಿಗೆ ಬಹುಕಾಲ ನಿಂತದ್ದು ಪ್ರಕಾಶಕ ರೈಡರ್ ಮತ್ತು ಚಿತ್ರ ಬರೆಸಿದ ಪಂಡಿತ ವೇಟ್ ಇವರಿಬ್ಬರ ಹೆಸರು. ಬರೆದವಳದಾಗಿ ಉಳಿದದ್ದು ಎಲೆಯ ಮೂಲೆಯಲ್ಲಿ ಬಳ್ಳಿಯಂತೆ ಹೆಣೆದ ಸಣ್ಣ ಸಹಿ. ಕೈಗೆ ಸಿಕ್ಕ ಹಣ ಅತಿ ಕಡಿಮೆ. 1951ರಲ್ಲಿ ಕಾರ್ನ್‌ವಾಲ್‌ನ ಬ್ಯೂಡ್ ಎಂಬ ಊರಿನಲ್ಲಿ ತೀರಿಕೊಂಡಾಗ ಸಾಲ ತೀರಿಸಲು ಅವಳ ಸಾಮಾನನ್ನೇ ಹರಾಜು ಹಾಕಿದರು. ಬರುವ ಸೋಮವಾರ ಗುಡಿಗೆ ಬಂದು ಅವಳ ಹೆಸರು ಹೇಳುತ್ತೇನೆ. ಅರ್ಚಕರು ನಕ್ಷತ್ರ ಕೇಳುತ್ತಾರೆ. ಹುಟ್ಟಿದ್ದು 1878ರ ಫೆಬ್ರವರಿ 16, ಲಂಡನ್ನಿನಲ್ಲಿ, ಅವರೇ ಪಂಚಾಂಗ ನೋಡಿಕೊಳ್ಳಲಿ. ಗೋತ್ರ ಕೇಳುತ್ತಾರೆ. ಗೊತ್ತಿಲ್ಲದವರಿಗೆ ಶಿವಗೋತ್ರ ಹೇಳುವುದುಂಟು, ವಿಷ್ಣುಗೋತ್ರವೂ ಉಂಟು. ಎರಡೂ ನಿನ್ನ ಹತ್ತಿರವೇ ಇರುವುದರಿಂದ ಯಾವುದನ್ನು ಹೇಳಿಸಬೇಕೆಂದು ನೀನೇ ಅವರ ಬಾಯಲ್ಲಿ ತರಿಸು.