ಗಾಜು ತಾನೇ ಒಡೆಯಿತು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಲೆ ನನಗೆ ಒಂದು ಸಂಗತಿ ಮಾತ್ರ ಚೆನ್ನಾಗಿ ಗೊತ್ತಾಗಿದೆ. ಮಕ್ಕಳು ವ್ಯಾಕರಣ ಕಲಿಯುವುದಕ್ಕೆ ಮುಂಚೆಯೇ ಅದರ ಉಪಯೋಗ ಕಲಿತುಬಿಟ್ಟಿರುತ್ತಾರೆ. ಎಂಟನೆಯ ತರಗತಿಯ ಹುಡುಗರ ಚೆಂಡು ತಾಗಿ ಕಿಟಕಿಯ ಗಾಜು ಚೂರಾಗಿರುತ್ತದೆ. ಹೋಗಿ ನಿಂತರೆ "ಗಾಜು ಒಡೀತ್ರಿ ಟೀಚರ್" ಎನ್ನುತ್ತಾರೆ. "ಯಾರು ಒಡದ್ರೋ?" ಎಂದರೆ "ತಾನ ಒಡೀತ್ರಿ!" 'ಒಡೆದೆ' ಎಂಬ ಕ್ರಿಯಾಪದ ಪರೀಕ್ಷೆಯಲ್ಲಿ ಎಲ್ಲರಿಗೂ ಬರುತ್ತದೆ, ಆ ಹೊತ್ತಿನಲ್ಲಿ ಮಾತ್ರ ಯಾರ ಬಾಯಿಗೂ ಬರುವುದಿಲ್ಲ.

ನಗಬೇಡಿ. ನಮ್ಮ ಅಡುಗೆಮನೆಯಲ್ಲೂ ಹಾಲು ತಾನೇ ಉಕ್ಕುತ್ತದೆ, ಪಲ್ಯ ತಾನೇ ಸೀದುಹೋಗುತ್ತದೆ, ಆಡಬಾರದ ಮಾತು ತಾನೇ ಬಾಯಿಂದ ಬಂದುಬಿಡುತ್ತದೆ. ಮಾಡಿದವರು ಯಾರೆಂದು ಕಾಣದಂತೆ ವಾಕ್ಯ ಕಟ್ಟುವುದು ನಮಗೆಲ್ಲ ಬರುವ ವಿದ್ಯೆ. ಇಂಥ ವಾಕ್ಯಗಳಲ್ಲೆಲ್ಲ ದೊಡ್ಡದು ಒಂದಿದೆ. ನಮ್ಮ ಕ್ರೈಸ್ತರ ಮನೆಗಳಲ್ಲಿ ಅದನ್ನು 'ದೇವರ ಚಿತ್ತ' ಎನ್ನುತ್ತೇವೆ. ನಮ್ಮ ಓಣಿಯಲ್ಲೇ ಕೆಲವರು ಹಣೆಬರಹ ಎನ್ನುತ್ತಾರೆ, ಕೆಲವರು ಪ್ರಾರಬ್ಧ ಎನ್ನುತ್ತಾರೆ, ಕೆಲವರು ನಸೀಬು ಎನ್ನುತ್ತಾರೆ. ತಿಳಿದವರ ದೃಷ್ಟಿಯಲ್ಲಿ ಇವೆಲ್ಲ ಬೇರೆ ಬೇರೆ. ಆದರೆ ಸಾವಿನ ಮನೆಯಲ್ಲಿ ಈ ಮಾತುಗಳೆಲ್ಲ ಒಂದೇ ಚಾಪೆಯ ಮೇಲೆ ಕೂತಿರುವುದನ್ನು ನಾನು ನೋಡಿದ್ದೇನೆ.

ನಮ್ಮದು ಧಾರವಾಡದ ಕಡೆಯ ಹಳೆಯ ಬಾಸೆಲ್ ಮಿಶನ್ ಮನೆತನ. ಆ ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ. ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮೊದಲು ಸತ್ಯವೇದದ ಒಂದು ಅಧ್ಯಾಯ ಓದದೆ ಎಲೆ ಹಾಕುತ್ತಿರಲಿಲ್ಲ. ಅಜ್ಜಿ ಸಂತೆಗೆ ಹೊರಟರೂ "ದೇವರ ಚಿತ್ತ ಇದ್ದರ ಹೋಗಿ ಬರ್ತೀನಿ" ಎನ್ನುತ್ತಿದ್ದಳು. ನಾಳೆಯ ಮಾತನ್ನು ಹಾಗೆ ಆಡಬೇಕೆಂದು ಯಾಕೋಬನ ಪತ್ರಿಕೆಯಲ್ಲಿ ಬುದ್ಧಿ ಹೇಳಿದೆ. ಆ ಮಾತಿನಲ್ಲಿ ನನಗೆ ಎಂದೂ ತಪ್ಪು ಕಂಡಿಲ್ಲ. ನಾಳೆ ನಮ್ಮ ಕೈಯಲ್ಲಿಲ್ಲ ಎಂದು ಒಪ್ಪಿಕೊಳ್ಳುವ ವಿನಯ ಅದು.

ಅದೇ ಮಾತು ನನಗೆ ಮುಳ್ಳಿನಂತೆ ಚುಚ್ಚಿದ್ದು 1993ರಲ್ಲಿ. ನನ್ನ ತಂಗಿಗೆ ಆಗ 21 ವರ್ಷ, ಚೊಚ್ಚಲ ಬಸಿರು. ಗಂಡನ ಊರು ಹಳ್ಳಿ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕಾದದ್ದು ನಮ್ಮ ಕಡೆಯ ವಾಡಿಕೆ. ಅದೇಕೆ ಆಗಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ. ದಿನ ತುಂಬುವ ಮೊದಲೇ ಒಂದು ಸಂಜೆ ನೋವು ಶುರುವಾಯಿತು. ಸೂಲಗಿತ್ತಿ ರಾತ್ರಿಯೇ "ಇದು ನನ್ನ ಕೈಯಾಗಿಲ್ಲ, ದವಾಖಾನಿಗೆ ಒಯ್ರಿ" ಎಂದಳಂತೆ. ಮನೆಯ ಹಿರಿಯರು "ಬೆಳಗಾಗಲಿ, ನೋಡೂಣು" ಎಂದರಂತೆ. ಬೆಳಗಾಗಿ, ಜೀಪು ಸಿಕ್ಕಿ, ಅವಳನ್ನು ಆಸ್ಪತ್ರೆಗೆ ಮುಟ್ಟಿಸುವಾಗ ಮಧ್ಯಾಹ್ನ. ಹೆಣ್ಣುಮಗು ಉಳಿಯಿತು, ತಂಗಿ ಉಳಿಯಲಿಲ್ಲ.

ಮಣ್ಣಿನ ದಿನ ಸಭಾಪಾಲಕರು ರೋಮಾಪುರದವರಿಗೆ ಬರೆದ ಪತ್ರಿಕೆಯಿಂದ ಕುಂಬಾರನ ಮಾತು ಹೇಳಿದರು. ಮಣ್ಣು ಕುಂಬಾರನನ್ನು ಪ್ರಶ್ನೆ ಕೇಳಬಹುದೇ ಎಂದು ಪೌಲನು ಕೇಳುವ ಭಾಗ. ಅವರು ಒಳ್ಳೆಯ ಮನುಷ್ಯರು, ಹೇಳುವಾಗ ಅವರ ಕಣ್ಣೂ ತುಂಬಿತ್ತು. ನಮ್ಮವ್ವ ಆ ಮಾತನ್ನು ಹಿಡಿದುಕೊಂಡೇ ಬದುಕಿದಳು. "ದೇವರ ಚಿತ್ತ" ಎಂದು ಒಂದು ಸಲ ಗಟ್ಟಿಯಾಗಿ ಹೇಳಿ, ಕೂಸನ್ನು ಮಡಿಲಿಗೆ ಹಾಕಿಕೊಂಡು ಮನೆಗೆ ಬಂದಳು. ಆದರೆ ಅದೇ ಅಂಗಳದಲ್ಲಿ ಬೆಳತನಕ ಕಾದ ಆ ಹಿರಿಯರೂ "ಏನ್ ಮಾಡೂದು, ದೇವರ ಚಿತ್ತ" ಎಂದರು. ಒಂದೇ ಮಾತು. ಅವ್ವನ ಬಾಯಲ್ಲಿ ಅದು ಪ್ರಾರ್ಥನೆಯಾಗಿತ್ತು, ಅವರ ಬಾಯಲ್ಲಿ ಬಾಗಿಲಿಗೆ ಹಾಕಿದ ಚಿಲಕದಂತೆ ಕೇಳಿಸಿತು. ಹತ್ತು ವರ್ಷ ನಾನು ಅವರನ್ನು ಕ್ಷಮಿಸಲಿಲ್ಲ.

ಕೂಸು ನಮ್ಮ ಮನೆಯಲ್ಲೇ ಬೆಳೆಯಿತು. 2003ರಲ್ಲಿ ಅವಳಿಗೆ ಹತ್ತು ವರ್ಷ. ಭಾನುವಾರದ ಶಾಲೆಯಲ್ಲಿ ನಾನು ಮೋಶೆಯ ಕಥೆ ಹೇಳುತ್ತಿದ್ದೆ. ದೇವರು ಫರೋಹನ ಹೃದಯವನ್ನು ಕಠಿಣ ಮಾಡಿದ, ಅವನು ಇಸ್ರಾಯೇಲರನ್ನು ಬಿಡಲಿಲ್ಲ, ಅದಕ್ಕೆ ಶಿಕ್ಷೆಯಾಯಿತು ಎಂದೆ. ಮನೆಗೆ ಬರುವ ದಾರಿಯಲ್ಲಿ ಅವಳು ಕೇಳಿದಳು: "ದೊಡ್ಡವ್ವ, ದೇವರ ಅವನ ಮನಸ್ಸು ಕಲ್ಲ ಮಾಡಿದಂದ್ರ ಫರೋಹಂದು ಏನ ತಪ್ಪು?" ನಾನು ಉತ್ತರ ಹುಡುಕುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಂತು. "ನಮ್ಮವ್ವನ್ನೂ ದೇವರ ಕರಕೊಂಡಾನಂತ ಅಜ್ಜಿ ಹೇಳ್ತಾಳ. ಆ ಮನ್ಯಾಗ ಲಗೂನ ದವಾಖಾನಿಗೆ ಒಯ್ಲಿಲ್ಲಂತ ನೀ ಹೇಳ್ತಿ. ಯಾವ್ದು ಖರೆ?"

ಆ ರಾತ್ರಿ ವಿಮೋಚನಕಾಂಡ ತೆಗೆದು ಕೂತೆ. ದೇವಜ್ಞಾನ ನನಗೆ ಬಾರದು, ವ್ಯಾಕರಣ ಬರುತ್ತದೆ. ಪೆನ್ಸಿಲು ಹಿಡಿದು ಕ್ರಿಯಾಪದಗಳಿಗೆ ಗೆರೆ ಎಳೆಯುತ್ತ ಹೋದೆ. ಫರೋಹನ ಹೃದಯದ ಬಗ್ಗೆ ಅಲ್ಲಿ ಮೂರು ಬಗೆಯ ವಾಕ್ಯಗಳಿವೆ. ಹೃದಯ ಕಠಿಣವಾಯಿತು ಎಂಬುದು ಒಂದು. ಫರೋಹನು ತನ್ನ ಹೃದಯವನ್ನು ಕಠಿಣ ಮಾಡಿಕೊಂಡ ಎಂಬುದು ಇನ್ನೊಂದು. ದೇವರು ಅದನ್ನು ಕಠಿಣ ಮಾಡಿದ ಎಂಬುದು ಮೂರನೆಯದು. ಗಾಜು ಒಡೆಯಿತು, ನಾನು ಒಡೆದೆ, ಅವನು ಒಡೆದ! ನನ್ನ ತರಗತಿಯ ಮೂರೂ ವಾಕ್ಯಗಳು ಅಲ್ಲಿದ್ದವು.

ಅವುಗಳ ಅನುಕ್ರಮ ನೋಡಿದಾಗ ಇನ್ನೂ ಆಶ್ಚರ್ಯವಾಯಿತು. ಮೊದಲ ಐದು ಬಾಧೆಗಳ ಕಥೆಯಲ್ಲಿ ಹೃದಯ ಕಠಿಣವಾಯಿತು ಅಥವಾ ಫರೋಹನೇ ಮಾಡಿಕೊಂಡ ಎಂದಿದೆ. ದೇವರೇ ಕಠಿಣ ಮಾಡಿದ ಎಂದು ಕಥೆ ಮೊದಲು ಹೇಳುವುದು ಆರನೆಯದರಲ್ಲಿ, ಹುಣ್ಣುಗಳ ಬಾಧೆಯಲ್ಲಿ. ಆಲಿಕಲ್ಲಿನ ಮಳೆ ನಿಂತ ಮೇಲೆ ಮತ್ತೆ ಫರೋಹನೇ ಕರ್ತೃ. ಐದು ಸಲ 'ಒಲ್ಲೆ' ಎಂದವನಿಗೆ ಆರನೆಯ ಸಲ 'ಆಗಲಿ' ಎನ್ನುವ ಶಕ್ತಿಯೇ ಉಡುಗಿಹೋಗುತ್ತದೆ ಎಂಬುದು ನಮಗೂ ತಿಳಿಯದ್ದೇನಲ್ಲ. ತವರಿನ ಜೊತೆ ಮಾತು ಬಿಟ್ಟ ಹೆಂಗಸು ಮೊದಲ ವರ್ಷ ತಾನೇ ಬಿಟ್ಟಿರುತ್ತಾಳೆ, ಐದನೆಯ ವರ್ಷ ಆಡಬೇಕೆಂದರೂ ಮಾತು ಹೊರಡುವುದಿಲ್ಲ.

ಇಷ್ಟಕ್ಕೇ ಉತ್ತರ ಸಿಕ್ಕಿತೆಂದು ಪುಸ್ತಕ ಮುಚ್ಚಿದ್ದರೆ ನಾನು ಜಾಣೆಯಾಗುತ್ತಿದ್ದೆ, ಪ್ರಾಮಾಣಿಕಳಾಗುತ್ತಿರಲಿಲ್ಲ. ಏಕೆಂದರೆ ಬಾಧೆಗಳು ಶುರುವಾಗುವುದಕ್ಕೆ ಮೊದಲೇ, ನಾಲ್ಕನೆಯ ಅಧ್ಯಾಯದಲ್ಲಿ, ನಾನು ಅವನ ಹೃದಯವನ್ನು ಕಠಿಣ ಮಾಡುವೆನೆಂದು ದೇವರು ಮೋಶೆಗೆ ಹೇಳಿಬಿಟ್ಟಿದ್ದಾನೆ. ಬರೆದವರು ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟಿದ್ದಾರೆ. ಒಂದನ್ನು ಅಳಿಸಿ ಲೆಕ್ಕ ಸರಿಮಾಡಿಲ್ಲ.

ಕುಂಬಾರನ ಮಾತೂ ಹಾಗೆಯೇ. ಪೌಲನಿಗಿಂತ ಎಷ್ಟೋ ಮೊದಲು ಪ್ರವಾದಿ ಯೆರೆಮೀಯನು ಕುಂಬಾರನ ಮನೆಗೆ ಹೋಗಿದ್ದ. ಅವನು ಕಂಡದ್ದು ಬೇರೆ. ತಿಗರಿಯ ಮೇಲಿನ ಪಾತ್ರೆ ಕುಂಬಾರನ ಕೈಯಲ್ಲೇ ಕೆಟ್ಟಿತು, ಅವನು ಅದೇ ಮಣ್ಣಿನಿಂದ ಮತ್ತೊಂದನ್ನು ಮಾಡಿದ. ಅದರ ಕೆಳಗೇ ಬರುವ ಮಾತೇನು ಗೊತ್ತೇ? ಒಂದು ಜನಾಂಗವನ್ನು ನಾಶಮಾಡುವೆನೆಂದು ನಾನು ಹೇಳಿದ್ದರೂ ಅದು ಕೆಟ್ಟದ್ದನ್ನು ಬಿಟ್ಟರೆ ನಾನೂ ಮನಸ್ಸು ಬದಲಿಸುವೆನೆಂದು ದೇವರೇ ಹೇಳುತ್ತಾನೆ. ಅದೇ ಮಣ್ಣು, ಅದೇ ತಿಗರಿ. ಒಂದು ಕಡೆ ಬಾಯಿ ಮುಚ್ಚಲು ಹೇಳಿದರೆ ಇನ್ನೊಂದು ಕಡೆ ಬದಲಾಗಲು ಕರೆಯುತ್ತದೆ. ತಂಗಿಯ ಮಣ್ಣಿನ ದಿನ ನಮಗೆ ಅರ್ಧ ಮಾತ್ರ ಓದಿ ಹೇಳಿದ್ದರು. ಆ ಕುಂಬಾರನ ಪೌಲನೇ ಫಿಲಿಪ್ಪಿಯವರಿಗೆ ಬರೆಯುವಾಗ, ನಿಮ್ಮ ರಕ್ಷಣೆಯನ್ನು ನೀವೇ ಸಾಧಿಸಿಕೊಳ್ಳಿರಿ ಎಂದು ಹೇಳಿ, ಅದೇ ಉಸಿರಿನಲ್ಲಿ, ನಿಮ್ಮೊಳಗೆ ಕೆಲಸ ಮಾಡುವವನು ದೇವರೇ ಎನ್ನುತ್ತಾನೆ. ಒಂದೇ ಕೆಲಸಕ್ಕೆ ಎರಡು ಕರ್ತೃಪದ. ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಾಗಿದ್ದರೆ ನಾನು ಕೆಂಪು ಗೆರೆ ಎಳೆಯುತ್ತಿದ್ದೆ.

ನನ್ನಂಥ ಟೀಚರಮ್ಮ ಮಾತ್ರ ಇಲ್ಲಿ ಎಡವಿದಳೆಂದು ತಿಳಿಯಬೇಡಿ. ಐದನೆಯ ಶತಮಾನದಲ್ಲೇ ಆಗಸ್ಟೀನನಿಗೂ ಪೆಲಾಜಿಯಸನಿಗೂ ಇದೇ ವ್ಯಾಜ್ಯ. 1524ರಲ್ಲಿ ಎರಾಸ್ಮಸ್ ಮನುಷ್ಯನ ಇಚ್ಛೆಗೆ ಸ್ವಾತಂತ್ರ್ಯವಿದೆ ಎಂದು ಪುಸ್ತಕ ಬರೆದರೆ, ಮರುವರ್ಷವೇ ಲೂಥರ್ ಇಲ್ಲ, ಅದು ಬಂಧನದಲ್ಲಿದೆ ಎಂದು ಉತ್ತರ ಬರೆದ. ಹಾಲೆಂಡಿನ ಡಾರ್ಟ್ ಪಟ್ಟಣದಲ್ಲಿ 1618-19ರಲ್ಲಿ ತಿಂಗಳುಗಟ್ಟಲೆ ಸಭೆ ಕೂಡಿ, ಅರ್ಮೀನಿಯಸನ ಕಡೆಯವರ ವಾದವನ್ನು ತಳ್ಳಿಹಾಕಿದರು. ಅಲ್ಲಿಗೂ ಮುಗಿಯಲಿಲ್ಲ. ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನ ವೆಸ್ಲಿ ಮತ್ತು ವೈಟ್‌ಫೀಲ್ಡ್ ಎಂಬ ಗೆಳೆಯರ ನಡುವೆ ಇದೇ ಪ್ರಶ್ನೆ ಬಿರುಕು ತಂದಿತು. ಬಿದ್ದವನು ತಾನೇ ಏಳಲಾರ, ಎತ್ತುವ ಕೈ ಬೇಕು ಎಂಬುದು ಒಂದು ಪಕ್ಷದ ಅನುಭವ. ಬಿದ್ದವನನ್ನು ತಳ್ಳಿದವರು ಯಾರೆಂದು ಕೇಳಬೇಡವೇ ಎಂಬುದು ಇನ್ನೊಂದು ಪಕ್ಷದ ಕಳವಳ. ಸಂಸಾರ ಮಾಡಿದ ಹೆಂಗಸಿಗೆ ಎರಡೂ ನಿಜವೆಂದು ಗೊತ್ತು.

ನನಗೆ ದಾರಿ ತೋರಿಸಿದ್ದು ಯೋಸೇಫನ ಕಥೆ. ಅಣ್ಣಂದಿರು ಅವನನ್ನು ಮಾರಿದರು, ಅವನು ಐಗುಪ್ತದಲ್ಲಿ ದೊಡ್ಡ ಅಧಿಕಾರಿಯಾದ, ಬರಗಾಲದಲ್ಲಿ ಅವರೇ ಧಾನ್ಯಕ್ಕೆ ಬಂದರು. ಕೊನೆಗೆ ಅವನು ಹೇಳುವುದು ಏನೆಂದರೆ, ನೀವು ನನಗೆ ಕೇಡು ಬಗೆದಿರಿ, ದೇವರು ಅದನ್ನೇ ಒಳಿತಿಗಾಗಿ ಬಗೆದ. ನೂರು ಸಲ ಪಾಠ ಮಾಡಿದ ಕಥೆಯಲ್ಲಿ ಒಂದು ಚಿಕ್ಕ ವಿಷಯ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆ ಮಾತನ್ನು ಹೇಳುವವನು ಯೋಸೇಫ, ಅಣ್ಣಂದಿರಲ್ಲ. ಅವರು ಹೇಳಿದ್ದರೆ ಹೇಗಿರುತ್ತಿತ್ತು, ನೀವೇ ಯೋಚಿಸಿ. "ತಮ್ಮಾ, ನಾವು ನಿನ್ನನ್ನು ಮಾರಿದ್ದು ಒಳ್ಳೆಯದೇ ಆಯಿತಲ್ಲ, ಎಲ್ಲ ದೇವರ ಚಿತ್ತ!" ಮಾತು ಅದೇ, ಅರ್ಥ ನಾಚಿಕೆಗೇಡು. ಅವರು ಕೇಳಿದ್ದು ಕ್ಷಮೆ ಮಾತ್ರ. ಯೋಸೇಫನೂ ದೇವರ ಹೆಸರು ಹೇಳುವಾಗ ಅಣ್ಣಂದಿರ ಕ್ರಿಯಾಪದವನ್ನು ಅಳಿಸಲಿಲ್ಲ. ನೀವು ಬಗೆದಿರಿ ಎಂಬುದನ್ನು ಮೊದಲು ಹೇಳಿಯೇ ದೇವರು ಬಗೆದ ಎಂದ.

ದೇವರ ಚಿತ್ತ ಎಂಬುದು ಸುಳ್ಳಲ್ಲ. ಆದರೆ ಅದನ್ನು ಹೇಳುವ ಹಕ್ಕು ನೋವು ತಿಂದವರದು, ನೋವು ಕೊಟ್ಟವರದಲ್ಲ. ನಮ್ಮವ್ವ ಹೇಳಬಹುದಿತ್ತು, ಹೇಳಿದಳು. ಆ ಹಿರಿಯರು ಹೇಳಬಾರದಿತ್ತು. ಎಸ್ತೇರಳ ಪುಸ್ತಕ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರ ಹೀಬ್ರೂ ಮೂಲದಲ್ಲಿ ದೇವರ ಹೆಸರೇ ಬರುವುದಿಲ್ಲ. ತನ್ನ ಜನರ ಕೊಲೆಗೆ ಆಜ್ಞೆಯಾದಾಗ ಮೊರ್ದೆಕೈ ರಾಣಿ ಎಸ್ತೇರಳಿಗೆ ಹೇಳಿಕಳಿಸುತ್ತಾನೆ: ನೀನು ಸುಮ್ಮನಿದ್ದರೆ ಬಿಡುಗಡೆ ಬೇರೆ ಕಡೆಯಿಂದ ಬಂದೀತು, ಆದರೆ ಇಂಥ ಹೊತ್ತಿಗಾಗಿಯೇ ನೀನು ರಾಣಿಯಾಗಿರಬಹುದು, ಯಾರಿಗೆ ಗೊತ್ತು? ದೇವರ ಚಿತ್ತ ನಡೆಯುತ್ತದೆಂದು ಅವಳು ಅಂತಃಪುರದಲ್ಲಿ ಕೂರಲಿಲ್ಲ. ಎದ್ದು ಅರಸನ ಬಳಿಗೆ ಹೋದಳು. ಆಗಿಹೋದ ಮೇಲೆ ಸಮಾಧಾನಕ್ಕೆ ಹೇಳುವ ಮಾತನ್ನು, ಇನ್ನೂ ಕೈಯಲ್ಲಿರುವ ಕೆಲಸಕ್ಕೆ ನೆಪವಾಗಿ ಹೇಳಬಾರದು.

ಇಷ್ಟು ತಿಳಿದ ಮೇಲೆ ಆ ಮನೆಯವರ ಮೇಲೆ ನನ್ನ ಸಿಟ್ಟು ಇನ್ನೂ ಗಟ್ಟಿಯಾಗಬೇಕಿತ್ತು. ಹಾಗಾಗಲಿಲ್ಲ. ನನ್ನ ಟ್ರಂಕಿನ ತಳದಲ್ಲಿ ತಂಗಿಯ ಒಂದು ಇನ್‌ಲ್ಯಾಂಡ್ ಪತ್ರವಿತ್ತು. "ಅಕ್ಕಾ, ಲಗೂ ಬಂದು ಕರಕೊಂಡು ಹೋಗು, ಇಲ್ಲೆ ನನಗ ಅಂಜಿಕಿ ಬರ್ತದ" ಎಂದು ಬರೆದಿದ್ದಳು. ಅಪ್ಪ ತೀರಿಕೊಂಡಿದ್ದರು, ಅವ್ವ ಒಬ್ಬಳೇ ಪ್ರಯಾಣ ಮಾಡುವವಳಲ್ಲ, ಹೋಗಬೇಕಾದವಳು ನಾನೇ. ನನಗೆ ಆಗ ಬಿ.ಎಡ್. ಪರೀಕ್ಷೆ. ಹದಿನೈದು ದಿನ ತಡೆ, ಪರೀಕ್ಷೆ ಮುಗಿದ ಮರುದಿನವೇ ಬರುತ್ತೇನೆ ಎಂದು ಉತ್ತರ ಬರೆದೆ. ಒಂದು ಭಾನುವಾರ ಹೋಗಿ ಕರೆತರಬಹುದಿತ್ತು, ಹೋಗಲಿಲ್ಲ. ಒಂಬತ್ತನೆಯ ದಿನ ಅವಳಿಗೆ ನೋವು ಶುರುವಾಯಿತು. ಹತ್ತು ವರ್ಷವೂ ನಾನು ಕೇಳಿದವರಿಗೆ ಹೇಳಿದ್ದು ಇಷ್ಟೇ: "ಕರ್ಕೊಂಡು ಬರೂದು ತಡ ಆತು." ತಡವಾಯಿತು. ತಾನೇ ಆಯಿತು. ಕನ್ನಡ ಟೀಚರಿನ ವಾಕ್ಯ ಅದು!

ಕರೆತಂದಿದ್ದರೆ ಅವಳು ಬದುಕುತ್ತಿದ್ದಳೇ? ಅದನ್ನು ಯಾರೂ ಹೇಳಲಾರರು. ಸಿಲೋವದಲ್ಲಿ ಬುರುಜು ಬಿದ್ದು ಹದಿನೆಂಟು ಜನ ಸತ್ತ ಸುದ್ದಿಯನ್ನು ಯೇಸು ಎತ್ತಿದಾಗ, ಸತ್ತವರು ಉಳಿದವರಿಗಿಂತ ಪಾಪಿಗಳೆಂದು ತಿಳಿಯಬೇಡಿರಿ ಎಂದನೇ ಹೊರತು ಬುರುಜು ಏಕೆ ಬಿತ್ತೆಂದು ಹೇಳಲಿಲ್ಲ. ಕೇಳುತ್ತಿದ್ದವರ ಕಡೆಗೆ ತಿರುಗಿ, ನೀವು ಮನಸ್ಸು ತಿರುಗಿಸಿಕೊಳ್ಳಿರಿ ಎಂದ. ಸಾವು ಏಕಾಯಿತೆಂಬುದು ನನ್ನ ಅಳವಿಗೆ ಮೀರಿದ್ದು. ತಡ ಮಾಡಿದವಳು ಯಾರೆಂಬುದು ಮೀರಿದ್ದಲ್ಲ.

ಹತ್ತು ವರ್ಷದ ಹುಡುಗಿಗೆ ಅಂದು ನಾನು ಹೇಳಿದ್ದು ಅರ್ಧ. "ಎರಡೂ ಖರೆ ಅವ್ವಾ, ಆದ್ರ ಅಜ್ಜಿ ಹೇಳೂದು ಅಜ್ಜಿಗೆ ಖರೆ" ಎಂದೆ. ಉಳಿದ ಅರ್ಧವನ್ನು ಅವಳಿಗೆ ಹದಿನೆಂಟಾದಾಗ ಹೇಳಿದೆ, ಪತ್ರ ಕೈಗೆ ಕೊಟ್ಟೆ. "ತಡ ಮಾಡಿದಾಕಿ ನಾನು" ಎಂದೆ. ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಕರೆದಳು. ಪತ್ರ ತಿರುಗಿ ಕೊಡಲಿಲ್ಲ, ನಾನೂ ಕೇಳಲಿಲ್ಲ. ಅದೇ ವರ್ಷ ಆ ಹಳ್ಳಿಯ ಮನೆಗೆ ಹೋಗಿ ಬಂದೆ. ಹಿರಿಯರಲ್ಲಿ ಒಬ್ಬರು ಮಾತ್ರ ಉಳಿದಿದ್ದರು. ನನ್ನ ತಪ್ಪನ್ನು ನಾನು ಹೇಳಿದೆ. ಅವರು ಬಹಳ ಹೊತ್ತು ನೆಲ ನೋಡಿ, "ನಾವು ಆ ರಾತ್ರೀನ ಒಯ್ಬೇಕಾಗಿತ್ತು" ಎಂದರು. ಹದಿನೆಂಟು ವರ್ಷದಲ್ಲಿ ಆ ಅಂಗಳದಲ್ಲಿ ಯಾರೂ 'ನಾವು' ಎಂದಿರಲಿಲ್ಲ.

ಹೋದ ವರ್ಷ ಅವಳು ಬಾಣಂತನಕ್ಕೆ ನಮ್ಮ ಮನೆಗೇ ಬಂದಿದ್ದಳು. ಎರಡು ತಿಂಗಳು ಮೊದಲೇ ಹೋಗಿ ಕರೆತಂದಿದ್ದೆ. ಒಂದು ಬೆಳಿಗ್ಗೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ತನ್ನಷ್ಟಕ್ಕೆ ಎಂಬಂತೆ ಅಂದಳು: "ದೊಡ್ಡವ್ವ, ನನ್ನನ್ನ ಈ ಮನಿಗೆ ಕಳಿಸಿದಾಂವ ದೇವರ ಅಂತ ನನಗ ಅನಸ್ತದ."

ನಾನು ಹೂಂ ಎನ್ನಲಿಲ್ಲ. ಅದು ಅವಳು ಆಡಬಹುದಾದ ಮಾತು. ಕೇಳಿಸಿಕೊಳ್ಳುವ ಭಾಗ್ಯವಷ್ಟೇ ನನ್ನದು. ಮಗುವಿನ ಸ್ನಾನಕ್ಕೆ ನೀರು ಕಾಯಿಸಲು ಎದ್ದೆ.